ನನ್ನ ನೆರಳಿನ ಕೋಚಿಂಗ್

ನಿವೃತ್ತನಾದ ದಿನ ಸಂಜೆ ನಾನು ಮೈದಾನದಿಂದ ಮನೆಗೆ ಹೊರಟೆ, ನನ್ನ ನೆರಳು ಹೊರಡಲಿಲ್ಲ. ಅದರಲ್ಲಿ ಹೇಳಿಕೊಳ್ಳುವಂಥದ್ದೇನೂ ಇಲ್ಲ ಬಿಡಿ, ನಮ್ಮೂರಲ್ಲಿ ಯಾರು ನಿವೃತ್ತರಾದರೂ ನೆರಳು ಕೆಲಸದ ಜಾಗದಲ್ಲೇ ಉಳಿಯುತ್ತದೆ. ಅಂಚೆ ಕಚೇರಿಯ ವಾಮನರಾಯರು ಪೆನ್ಷನ್ ತೆಗೆದುಕೊಂಡು ಮನೆ ಸೇರಿದ ಮೇಲೂ ಅವರ ನೆರಳು ಕೌಂಟರಿನ ಹಿಂದಿನ ಗೋಡೆಯ ಮೇಲೆ ಮುದ್ರೆ ಒತ್ತುತ್ತಲೇ ಇತ್ತು. ತಹಶೀಲ್ದಾರರೊಬ್ಬರ ನೆರಳು ಮೇಜಿನ ಕೆಳಗೆ ಅಂಗೈ ಚಾಚಿಕೊಂಡು ಕೂತಿತ್ತು. ಅವರ ಜಾಗಕ್ಕೆ ಬಂದವರು ಅದನ್ನು ನೋಡಿ ನಾಚಿಕೊಂಡರೋ ಪಾಠ ಕಲಿತರೋ ದೇವರಿಗೇ ಗೊತ್ತು. ಜನ ನೋಡುವುದನ್ನು ಬಿಟ್ಟರೆ ನೆರಳು ತಾನಾಗಿಯೇ ಮಾಸಿಹೋಗುತ್ತದೆ. ಇಲ್ಲವೇ ಆ ಮನುಷ್ಯ ಬೇರೆ ಕೆಲಸ ಹಿಡಿದರೆ ಅಲ್ಲಿಗೆ ಬಂದು ಕಾಲಿಗೆ ಅಂಟಿಕೊಳ್ಳುತ್ತದೆ. ನಮ್ಮ ಡ್ರಾಯಿಂಗ್ ಮೇಷ್ಟ್ರು ರಿಟೈರಾಗಿ ಇಡ್ಲಿ ಹೋಟೆಲ್ ಇಟ್ಟಾಗ ಮೊದಲ ಒಬ್ಬೆ ಇಡ್ಲಿ ಇಳಿಸುವಷ್ಟರಲ್ಲಿ ನೆರಳು ಹಾಜರಾಗಿತ್ತಂತೆ.

ನನ್ನದೂ ಒಂದೆರಡು ತಿಂಗಳಲ್ಲಿ ಮಾಸುತ್ತದೆ ಅಂದುಕೊಂಡಿದ್ದೆ. ಆದರೆ ನಾನು ಕೆಂಚಪ್ಪ. ನಮ್ಮ ಕಾಲೇಜಿನ ಫುಟ್‌ಬಾಲ್ ತಂಡಕ್ಕೆ ಇಪ್ಪತ್ತೇಳು ವರ್ಷ ಕೋಚ್ ಆಗಿದ್ದವನು. ಹೊಳೆಯಾಚೆಯ ಕಾಲೇಜಿನ ಜೊತೆ ವರ್ಷವರ್ಷವೂ ನಡೆಯುವ ಕಪ್ಪಿನ ಪಂದ್ಯವನ್ನು ನಾವು ಸೋಲುವುದು ಹೇಗಿರುತ್ತದೆ ಅಂತ ಕೇಳಿದರೆ ಊರಿನ ಹುಡುಗರು ಬಾಯಿ ಬಿಟ್ಟುಕೊಂಡು ನೋಡುತ್ತಾರೆ, ಅವರು ಕಂಡಿದ್ದರೆ ತಾನೆ. ನಾನು ತರಕಾರಿ ತರಲು ಹೋದರೆ ಸೊಪ್ಪಿನವಳು ಎರಡು ಕಂತೆ ಜಾಸ್ತಿ ಹಾಕುತ್ತಿದ್ದಳು. ಕ್ಷೌರಕ್ಕೆ ಹೋದರೆ ಸರದಿಯಲ್ಲಿ ಕೂತವರೆಲ್ಲ ಎದ್ದು ನಿಲ್ಲುತ್ತಿದ್ದರು. ಇಂಥವನ ನೆರಳು ಅಷ್ಟು ಸುಲಭಕ್ಕೆ ಮಾಸುತ್ತದೆಯೇ?

ಇಲ್ಲಿ ಒಂದು ಸಂಗತಿ ಹೇಳಿಬಿಡಬೇಕು. ಪಂದ್ಯದ ಹೊತ್ತಿನಲ್ಲಿ ನಾನು ಮಾಡುತ್ತಿದ್ದುದು ಏನೂ ಇಲ್ಲ. ಮಾಡುವುದನ್ನೆಲ್ಲ ಬೆಳಗಿನ ಅಭ್ಯಾಸದಲ್ಲೇ ಮಾಡಿ, ಬೈಯುವುದನ್ನೆಲ್ಲ ಅಲ್ಲೇ ಬೈದು ಮುಗಿಸಿರುತ್ತಿದ್ದೆ. ಪಂದ್ಯ ಶುರುವಾದ ಮೇಲೆ ಗೆರೆಯ ಪಕ್ಕ ನಿಂತು ಜಾರುವ ಪ್ಯಾಂಟನ್ನು ಮೇಲೆ ಎಳೆದುಕೊಳ್ಳುತ್ತಿದ್ದೆ. ಹೊಳೆ ಹತ್ತಿರವಾದ್ದರಿಂದ ಸೊಳ್ಳೆ ಕಾಟ, ಕೈ ಬೀಸುತ್ತಿದ್ದೆ. ಬೆನ್ನು ಕೆರೆದುಕೊಳ್ಳುತ್ತಿದ್ದೆ. ಹುಡುಗರಿಗೆ ಇದೆಲ್ಲ ಗೊತ್ತಿತ್ತು, ಆದ್ದರಿಂದ ನನ್ನ ಕಡೆ ತಿರುಗಿಯೂ ನೋಡದೆ ಆಡಿ ಗೆದ್ದು ಬರುತ್ತಿದ್ದರು. ನೋಡುತ್ತಿದ್ದವರು ಮೆಟ್ಟಿಲ ಮೇಲೆ ಕೂತ ಅಭಿಮಾನಿಗಳು. ನಾನು ಪ್ಯಾಂಟು ಎಳೆದುಕೊಂಡರೆ ಅದಕ್ಕೊಂದು ಅರ್ಥ, ಕೆಮ್ಮಿದರೆ ಇನ್ನೊಂದು.

ನನ್ನ ಜಾಗಕ್ಕೆ ಬಂದವಳು ರೆಜಿನಾ. ಹತ್ತು ವರ್ಷ ನನ್ನ ಸಹಾಯಕಿಯಾಗಿದ್ದಳು. ಗಿಡ್ಡ ಆಳು, ಗಟ್ಟಿ ಗಂಟಲು, ಸಿಟ್ಟು ಬಂದರೆ ಮೂಗಿನ ತುದಿ ಕೆಂಪಾಗುತ್ತದೆ. ಕಾಲೇಜಿನಲ್ಲಿ ಹುಡುಗಿಯರ ತಂಡವೇ ಇಲ್ಲದ ಕಾಲದಲ್ಲಿ ಹುಡುಗರ ಗೋಲಿನ ಹಿಂದೆ ನಿಂತು, ಹೊರಗೆ ಬಂದ ಚೆಂಡನ್ನು ಒದ್ದೊದ್ದೇ ಆಟ ಕಲಿತವಳು. ಈ ಕೆಲಸ ಬಿಟ್ಟರೆ ಜೀವನದಲ್ಲಿ ಇನ್ನೇನೂ ಬೇಡ ಅಂತ ನನ್ನೆದುರೇ ಹೇಳಿದ್ದಳು. ಹೊರಗಿನವರನ್ನು ತರುತ್ತೇವೆ ಎಂದ ಪ್ರಿನ್ಸಿಪಾಲರ ಜೊತೆ ಜಗಳವಾಡಿ ನಾನೇ ಅವಳಿಗೆ ಕೊಡಿಸಿದ್ದೆ.

ಅವಳ ಮೊದಲ ಪಂದ್ಯ ನೋಡಲು ಹೋಗಿ ಮೆಟ್ಟಿಲ ಮೇಲೆ ಕೂತೆ. ಪಕ್ಕದಲ್ಲಿ ದೊರೆರಾಜು. ಅಕ್ಕಿ ಮಂಡಿಯ ಮಾಲೀಕ, ಅಭಿಮಾನಿ ಸಂಘದ ಅಧ್ಯಕ್ಷ. ಕಾಲಿನಿಂದ ಒಂದು ಚೆಂಡನ್ನೂ ಒದ್ದವನಲ್ಲ, ಬಾಯಿಂದ ಒದ್ದದ್ದಕ್ಕೆ ಲೆಕ್ಕವಿಲ್ಲ. ಗೆರೆಯ ಪಕ್ಕ ರೆಜಿನಾ ನಿಂತಿದ್ದಳು. ಅವಳಿಂದ ನಾಲ್ಕು ಮಾರು ದೂರದಲ್ಲಿ ಹುಲ್ಲಿನ ಮೇಲೆ ನನ್ನ ನೆರಳು, ಹೊಟ್ಟೆ ಸಮೇತ.

ನಮ್ಮವರು ಒಂದು ಗೋಲು ಹಿಂದಿದ್ದರು. ರೆಜಿನಾ ಎಡಗಡೆಯಿಂದ ನುಗ್ಗಿ ಎಂದು ಕೂಗುತ್ತಿದ್ದಳು. ಆಗ ನೆರಳು ಬಲಗೈ ಬೀಸಿತು. ದೊರೆರಾಜು ಎದ್ದು ನಿಂತು ಕಿರುಚಿದ, "ಏಯ್, ಸಾರು ಬಲಗಡೆ ಅಂತಿದ್ದಾರೆ ಕಣ್ರೋ! ನೆರಳು ನೋಡ್ರೋ!" ಮೆಟ್ಟಿಲಿಗೆ ಮೆಟ್ಟಿಲೇ ಕೂಗಿತು. ಕ್ಯಾಪ್ಟನ್ ಅನೀಸ್ ಗಾಬರಿಯಾಗಿ ಬಲಕ್ಕೆ ತಿರುಗಿದ, ಕಾಲು ಜಾರಿತು, ಚೆಂಡು ಎದುರಾಳಿ ಬ್ಯಾಕಿನ ಮಂಡಿಗೆ ಬಡಿದು ಒಳಗೆ ಹೋಯಿತು.

"ನೋಡಿದ್ರಾ ಸಾರ್!" ಎಂದು ದೊರೆರಾಜು ನನ್ನ ತೊಡೆಗೆ ಬಾರಿಸಿದ. "ಏನು ತಲೆ ಸಾರ್ ನಿಮ್ಮ ನೆರಳಿಗೆ!"

"ಅದು ಸೊಳ್ಳೆ ಓಡಿಸಿದ್ದು ಕಣಯ್ಯಾ," ಎಂದೆ.

"ಸುಮ್ನಿರಿ ಸಾರ್. ನೀವೀಗ ರಿಟೈರಾಗಿದ್ದೀರಿ, ನಿಮಗೇನು ಗೊತ್ತಾಗುತ್ತೆ?"

ಅವತ್ತಿನಿಂದ ಶುರುವಾಯಿತು ನೋಡಿ ಗ್ರಹಚಾರ. ಅಭಿಮಾನಿ ಸಂಘದವರು ನೆರಳಿನ ಸುತ್ತ ಸುಣ್ಣದ ಗೆರೆ ಎಳೆದು, ಯಾರೂ ತುಳಿಯಬಾರದು ಎಂದು ಹಗ್ಗ ಕಟ್ಟಿದರು. ದೂರದಿಂದ ಬಂದವರು ಚಪ್ಪಲಿ ಬಿಟ್ಟು ಹತ್ತಿರ ಹೋಗಿ ನೋಡುತ್ತಿದ್ದರು. ನೆರಳು ಬೆನ್ನು ಕೆರೆದುಕೊಂಡರೆ ಬ್ಯಾಕುಗಳು ಹಿಂದೆ ಸರಿಯಬೇಕು, ಪ್ಯಾಂಟು ಎಳೆದುಕೊಂಡರೆ ಎಲ್ಲರೂ ಮುಂದೆ ನುಗ್ಗಬೇಕು ಎಂದು ದೊರೆರಾಜು ಅರ್ಥ ಕಟ್ಟಿದ. ಪ್ಯಾಂಟು ದಿನಕ್ಕೆ ನೂರು ಸಲ ಜಾರುತ್ತಿದ್ದುದರಿಂದ ಗೋಲು ಕಾಯಲು ಯಾರೂ ಇರುತ್ತಿರಲಿಲ್ಲ. ಗೋಲ್‌ಕೀಪರ್ ಕೂಡ ಒಮ್ಮೆ ಮಧ್ಯದ ಗೆರೆ ದಾಟಿದ್ದ. ಸೋಲಿನ ಮೇಲೆ ಸೋಲು. ಸೋತರೆ, "ಆ ಯಮ್ಮ ನೆರಳಿನ ಮಾತು ಕೇಳಲಿಲ್ಲ." ಗೆದ್ದರೆ, "ಕೆಂಚಪ್ಪ ಸಾರಿನ ನೆರಳಿದ್ದರೂ ಸಾಕು ಕಣ್ರಪ್ಪಾ." ರೆಜಿನಾಳ ಪಾಲಿಗೆ ಬಂದದ್ದು ಬೈಗುಳ ಮಾತ್ರ.

ನಾನು ಸುಮ್ಮನೆ ಕೂರಲಿಲ್ಲ. ಪ್ರಿನ್ಸಿಪಾಲರ ಹತ್ತಿರ ಹೋಗಿ ನೆರಳಿನ ಮೇಲೆ ಶಾಮಿಯಾನ ಹಾಕಿಸಿದೆ. ಅಭಿಮಾನಿ ಸಂಘದವರು ಮಾರನೆಯ ದಿನವೇ ಅದರ ಕೆಳಗೆ ಮದುವೆ ಮನೆಯ ಫೋಕಸ್ ದೀಪ ತಂದಿಟ್ಟರು. ನೆರಳು ಮೊದಲಿಗಿಂತ ಚೂಪಾಗಿ ಕಾಣತೊಡಗಿತು. ಹುಡುಗರನ್ನು ಮನೆಗೆ ಕರೆಸಿ ಬುದ್ಧಿ ಹೇಳಿದೆ. ಅನೀಸ್ ತಲೆ ತಗ್ಗಿಸಿಕೊಂಡು ನಿಂತ. "ಗೊತ್ತು ಸಾರ್, ನೀವು ಸೊಳ್ಳೆ ಹೊಡೀತಿದ್ರಿ ಅಂತ ನಮಗೂ ಗೊತ್ತು. ಆದ್ರೆ ನೆರಳು ಹೇಳ್ದಂಗೆ ಆಡಿ ಸೋತ್ರೆ ಊರಿನವರು ಮೇಡಂನ ಬೈತಾರೆ. ಮೇಡಂ ಹೇಳ್ದಂಗೆ ಆಡಿ ಸೋತ್ರೆ ನಮ್ಮಪ್ಪ ಮನೇಲಿ ಊಟ ಹಾಕಲ್ಲ," ಎಂದ.

ಆಚೆದಡದ ಪಂದ್ಯ ಹತ್ತಿರ ಬಂದಾಗ ಕ್ರೀಡಾ ಸಮಿತಿ ಸೇರಿತು. ಈ ಸಲ ಕಪ್ ಕೈತಪ್ಪಿದರೆ ರೆಜಿನಾಳನ್ನು ತೆಗೆದು ನೆರಳನ್ನೇ ಕೋಚ್ ಎಂದು ಘೋಷಿಸುವುದು, ಬೇಕಿದ್ದರೆ ಅವಳು ಚೆಂಡಿಗೆ ಗಾಳಿ ತುಂಬುವ ಕೆಲಸಕ್ಕೆ ಇರಬಹುದು ಎಂದು ತೀರ್ಮಾನವಾಯಿತು. "ನೆರಳಿಗಾದರೆ ಸಂಬಳ ಕೊಡೋ ಹಂಗಿಲ್ಲ, ರಜಾನೂ ಕೇಳಲ್ಲ," ಎಂದು ದೊರೆರಾಜು ಸಮಿತಿಯಲ್ಲಿ ವಾದಿಸಿದನಂತೆ. ಪ್ರಿನ್ಸಿಪಾಲರಿಗೂ ಅದು ಹಿಡಿಸಿತಂತೆ.

ಅವತ್ತು ಮಧ್ಯಾಹ್ನ ರೆಜಿನಾ ನಮ್ಮ ಮನೆಗೆ ಬಂದಳು. ನನ್ನ ಹೆಂಡತಿ ಪುಷ್ಪಲತಾ ಮಜ್ಜಿಗೆ ಕೊಟ್ಟಳು. ಕುಡಿಯಲಿಲ್ಲ. ಮೂಗಿನ ತುದಿ ಬ್ಯಾಡಗಿ ಮೆಣಸಿನಕಾಯಿಯಾಗಿತ್ತು.

"ಸಾರ್, ನಿಮ್ಮ ನೆರಳನ್ನ ಕರ್ಕೊಂಡು ಬನ್ನಿ," ಎಂದಳು.

"ಹೆಂಗಮ್ಮಾ ಕರ್ಕೊಂಡು ಬರ್ಲಿ? ನಾಯಿಮರೀನಾ ಅದು?"

"ನನಗೆ ಗೊತ್ತಿಲ್ಲ. ನಾನು ಗೆದ್ದರೆ ಅದು ನೀವು ಗೆದ್ದ ಹಂಗೆ. ಸೋತರೆ ಮಾತ್ರ ನಂದು. ಒಂದೇ ಒಂದು ಪಂದ್ಯ ನನ್ನ ಲೆಕ್ಕಕ್ಕೆ ಬರ್ಲಿ ಸಾರ್. ಆಮೇಲೆ ಬೇಕಾದ್ರೆ ತೆಗೆದು ಹಾಕ್ಲಿ." ಅಷ್ಟು ಹೇಳಿ ಅತ್ತುಬಿಟ್ಟಳು. ಕಾಲು ಮುರಿದುಕೊಂಡಾಗಲೂ ಅತ್ತವಳಲ್ಲ. ಪುಷ್ಪಲತಾ ಸೆರಗಿನಿಂದ ಅವಳ ಮುಖ ಒರೆಸಿ, ನನ್ನ ಕಡೆ ತಿರುಗಿ ಹೇಳಿದಳು:

"ರೀ, ಒಂದು ಕೆಲಸ ಹಿಡೀರಿ. ನೆರಳು ತಾನೇ ಬರುತ್ತೆ. ದಿನಾ ನನ್ನ ಅಡುಗೆಮನೇಲಿ ನಿಂತ್ಕೊಂಡು ಸಾಸಿವೆ ಯಾವಾಗ ಹಾಕ್ಬೇಕು ಅಂತ ಕೋಚಿಂಗ್ ಕೊಡೋದೂ ತಪ್ಪುತ್ತೆ."

ಇಷ್ಟು ಸಲೀಸಾದ ದಾರಿ ನನ್ನ ತಲೆಗೆ ಹೊಳೆದಿರಲಿಲ್ಲ. ಅಂಗಿ ಬದಲಿಸಿ ಹೊರಟೆ. ಬಟ್ಟೆ ಅಂಗಡಿಯವನು, "ಸಾರ್, ನಿಮಗೆ ಕೆಲಸ ಕೊಡುವಷ್ಟು ದೊಡ್ಡವನಾ ನಾನು," ಎಂದು ಕಾಲಿಗೆ ಬೀಳಲು ಬಂದ. ಸಹಕಾರಿ ಬ್ಯಾಂಕಿನವರು ಶಾಲು ಹೊದಿಸಿ ಕಳಿಸಿದರು. ಗ್ಯಾರೇಜಿನವನು ನನ್ನನ್ನು ಕಂಡವನೇ ಬಾಗಿಲು ಎಳೆದುಕೊಂಡ. ಡ್ರಾಯಿಂಗ್ ಮೇಷ್ಟ್ರ ಇಡ್ಲಿ ಹೋಟೆಲಿನಲ್ಲಿ ಲೋಟ ತೊಳೆಯುತ್ತೇನೆ ಅಂದೆ. ಮೇಷ್ಟ್ರು ಆ ಕಡೆ ಈ ಕಡೆ ನೋಡಿ ಪಿಸುಗುಟ್ಟಿದರು, "ಕೆಂಚಪ್ಪ, ಬೇಜಾರು ಮಾಡ್ಕೋಬೇಡ. ದೊರೆರಾಜು ಎಲ್ಲಾ ಅಂಗಡಿಗೂ ಹೇಳಿದ್ದಾನೆ. ಯಾರು ನಿನಗೆ ಕೆಲಸ ಕೊಡ್ತಾರೋ ಅವರು ಊರಿನ ನೆರಳು ಕದ್ದ ಹಂಗಂತೆ. ಅಕ್ಕಿ ಅವನ ಮಂಡಿಯಿಂದಲೇ ಬರಬೇಕಲ್ಲಪ್ಪಾ ನನಗೆ."

ಅಂದರೆ ನನ್ನನ್ನು ಇಷ್ಟೊಂದು ಪ್ರೀತಿಸುವ ಊರು ನನಗೆ ಲೋಟ ತೊಳೆಯುವ ಕೆಲಸವನ್ನೂ ಕೊಡದು! ಮೈಯೆಲ್ಲ ಉರಿಯಿತು. ಅದೇ ಉರಿಯಲ್ಲಿ ಸೇತುವೆ ಹತ್ತಿ ಹೊಳೆ ದಾಟಿ ಆಚೆದಡದ ಕಾಲೇಜಿಗೆ ನಡೆದೆ. ಅವರ ಕೋಚ್ ನನ್ನ ಕೈಯಲ್ಲಿ ಸೋತೂ ಸೋತೂ ಬೇಸತ್ತು ಜೇನು ಸಾಕಲು ಹೋಗಿದ್ದ. ಅಲ್ಲಿಯ ಪ್ರಿನ್ಸಿಪಾಲರು ನನ್ನನ್ನು ಕಂಡು ಕುರ್ಚಿಯಿಂದ ಎದ್ದವರು ಕೂರುವುದನ್ನೇ ಮರೆತರು. ಮಾತು ಮುಗಿಯಿತು, ಸೀಟಿ ಕೈಗೆ ಬಂತು. ಮೈದಾನಕ್ಕೆ ಇಳಿದು ಒಮ್ಮೆ ಊದಿದೆ. ತಿರುಗಿ ನೋಡುತ್ತೇನೆ, ಕಾಲ ಬುಡದಲ್ಲಿ ನೆರಳು! ಹೊಳೆ ಈಜಿಕೊಂಡು ಬಂದಿತ್ತೋ ಏನೋ, ಅಂಚೆಲ್ಲ ಒದ್ದೆಯಾಗಿತ್ತು. ಎಷ್ಟೋ ತಿಂಗಳ ಮೇಲೆ ನನ್ನ ಹೊಟ್ಟೆಯ ಆಕಾರ ನೋಡಿ ಸಂತೋಷವೇ ಆಯಿತು.

ಸುದ್ದಿ ಸೇತುವೆ ದಾಟಲು ಎಷ್ಟು ಹೊತ್ತು? ಮನೆಗೆ ಬರುವಷ್ಟರಲ್ಲಿ ಗೇಟಿನ ಮೇಲೆ ಸಗಣಿ. ಸೊಪ್ಪಿನವಳು ಕಂತೆ ಕೊಡುವುದಿರಲಿ, ದುಡ್ಡು ಕೊಟ್ಟರೂ ಮುಖ ತಿರುಗಿಸಿದಳು. ನನ್ನ ಕೂದಲು ಅರ್ಧ ಕತ್ತರಿಸಿದ ಮೇಲೆ ಕ್ಷೌರಿಕನಿಗೆ ಸುದ್ದಿ ಮುಟ್ಟಿ, ಉಳಿದರ್ಧವನ್ನು ಆಚೆದಡದಲ್ಲೇ ಮಾಡಿಸಿಕೊಳ್ಳಿ ಎಂದುಬಿಟ್ಟ. ಪುಷ್ಪಲತಾಳನ್ನು ಮಹಿಳಾ ಸಮಾಜದ ಭಜನೆಗೆ ಕರೆಯಲಿಲ್ಲ. "ಸದ್ಯ, ಅವರ ಶ್ರುತಿ ಕೇಳೋದು ತಪ್ಪಿತು," ಅಂದಳು ಅವಳು, ಆದರೆ ಒಳಗೆ ನೊಂದಿದ್ದಳು.

ರೆಜಿನಾ ಮಾತ್ರ ಬಂದಳು. ಖುಷಿಯಾಗಿರುತ್ತಾಳೆ ಅಂದುಕೊಂಡಿದ್ದೆ. ಬಾಗಿಲಲ್ಲೇ ನಿಂತು ಬೆರಳು ತೋರಿಸಿ, "ಸಾರ್, ಒಂದು ಮಾತು. ನನಗೋಸ್ಕರ ಅಂತ ನೀವೇನಾದ್ರೂ ಬೇಕಂತ ಸೋತರೆ ಜನ್ಮದಲ್ಲಿ ನಿಮ್ಮ ಮುಖ ನೋಡಲ್ಲ," ಎಂದಳು.

"ನಿನಗೋಸ್ಕರ ಸೋಲೋಕೆ ನನಗೇನು ತಲೆ ಕೆಟ್ಟಿದೆಯಾ? ನಿನ್ನ ಹುಡುಗರಿಗೆ ನೀರು ಕುಡಿಸ್ತೀನಿ ನೋಡ್ತಿರು," ಎಂದೆ.

"ಕುಡಿಸಿ, ನೋಡೋಣ," ಎಂದು ಹೋದಳು.

ನಾನು ತಮಾಷೆ ಮಾಡಿರಲಿಲ್ಲ. ಸೋಲುವುದು ನನ್ನ ಮೈಗೇ ಒಗ್ಗದು. ಮೊಮ್ಮಗಳ ಜೊತೆ ಚೌಕಾಬಾರ ಆಡಿದರೂ ಗೆದ್ದೇ ಏಳುತ್ತೇನೆ. ಆಚೆದಡದ ಹುಡುಗರನ್ನು ಬೆಳಗಾಗೆದ್ದು ಹೊಳೆಯ ಮರಳಲ್ಲಿ ಓಡಿಸಿದೆ. ಅನೀಸ್ ಎಡಗಾಲಿನಲ್ಲಿ ಹೊಡೆಯುವ ಮುಂಚೆ ನಾಲಿಗೆ ಕಚ್ಚುತ್ತಾನೆ, ಆಗ ಮೇಲೆ ಬೀಳಿ ಎಂದು ಹೇಳಿಕೊಟ್ಟೆ. ರೆಜಿನಾಗೆ ಎಡಗಡೆಯಿಂದ ಆಟ ಕಟ್ಟುವ ಚಟ, ಅಲ್ಲಿ ಇಬ್ಬರು ನಿಲ್ಲಿ ಎಂದೆ. ಬೇಕಿದ್ದರೆ ಕಾಲ್ಬೆರಳು ತುಳಿಯಿರಿ, ರೆಫರಿ ಆ ಕಡೆ ತಿರುಗಿದಾಗ, ಎಂದೂ ಹೇಳಿದೆ. ಮುಚ್ಚುಮರೆ ಏಕೆ?

ಪಂದ್ಯ ನಮ್ಮೂರಿನ ಮೈದಾನದಲ್ಲೇ. ನಾನು ಆಚೆದಡದವರ ಬಸ್ಸಿನಿಂದ ಇಳಿಯುತ್ತಿದ್ದಂತೆ ಊರಿಗೆ ಊರೇ ಊಳಿಟ್ಟಿತು. "ದ್ರೋಹಿ ಕೆಂಚ!" ಎಂದು ಬರೆದ ರಟ್ಟು ಹಿಡಿದವನು ನನ್ನ ಹಳೆಯ ಶಿಷ್ಯ, ಪಿಯುಸಿಯಲ್ಲಿ ನಾನೇ ಹಾಜರಿ ಕೊಡಿಸಿ ಪಾಸು ಮಾಡಿಸಿದವನು. ಎದುರು ಬದಿಯ ಗೆರೆಯಲ್ಲಿ ರೆಜಿನಾ ಒಬ್ಬಳೇ ನಿಂತಿದ್ದಳು. ಸುಣ್ಣದ ಗೆರೆ, ಹಗ್ಗ ಎಲ್ಲ ಇದ್ದವು, ಒಳಗೆ ಬರೀ ಹುಲ್ಲು. ನನ್ನ ನೆರಳು ನನ್ನ ಪಕ್ಕದಲ್ಲಿ ಆಗಲೇ ಪ್ಯಾಂಟು ಎಳೆದುಕೊಳ್ಳುತ್ತಿತ್ತು, ಏಕೆಂದರೆ ನಾನೂ ಎಳೆದುಕೊಳ್ಳುತ್ತಿದ್ದೆ.

ನೆರಳು ಹೋದ ಮೇಲೆ ಎಲ್ಲ ಸರಿಹೋಗುತ್ತದೆ ಅಂದುಕೊಂಡಿದ್ದೆವು. ಎಲ್ಲಿ ಬಂತು! ದೊರೆರಾಜು ದುರ್ಬೀನು ತಂದಿದ್ದ. ಮೆಟ್ಟಿಲ ಮೇಲೆ ನಿಂತು ಎದುರು ಬದಿಯ ನನ್ನ ನೆರಳನ್ನು ಅದರಲ್ಲಿ ನೋಡುತ್ತಾ, "ಹುಡುಗ್ರಾ, ಸಾರು ಅಲ್ಲಿಂದಲೇ ನಮಗೆ ಸನ್ನೆ ಮಾಡ್ತಿದ್ದಾರೆ! ಬೆನ್ನು ಕೆರ್ಕೊಂಡ್ರು, ಹಿಂದೆ ಬನ್ನಿ!" ಎಂದು ಕೂಗುತ್ತಿದ್ದ. ಪಾಪ, ಹುಡುಗರು ಹಿಂದೆ ಬಂದರು. ನನ್ನವರು ನುಗ್ಗಿ ಒಂದು ಗೋಲು ಹೊಡೆದರು. ನಾನು ಕುಣಿದುಬಿಟ್ಟೆ. ಗೆದ್ದಾಗ ಕುಣಿಯುವುದರಲ್ಲಿ ಏನು ನಾಚಿಕೆ?

ಅರ್ಧ ಸಮಯದಲ್ಲಿ ರೆಜಿನಾ ಹುಡುಗರನ್ನು ಗೋಲಿನ ಹಿಂದೆ, ತಾನು ಆಟ ಕಲಿತ ಜಾಗಕ್ಕೆ ಕರೆದುಕೊಂಡು ಹೋಗಿ ಗೋಡೆಗೆ ಮುಖ ಮಾಡಿ ಕೂರಿಸಿದಳು. ಏನು ಹೇಳಿದಳೋ ಕೇಳಿಸಲಿಲ್ಲ. ಆಮೇಲೆ ಆಟ ಶುರುವಾದಾಗ ಅನೀಸ್ ಬೆಂಚಿನ ಮೇಲಿದ್ದ. ಊರಿನ ಕಣ್ಮಣಿಯನ್ನು ಕೂರಿಸಿದ್ದಳು! ಅವನ ಬದಲು ಇಳಿದವನು ಬಸವಲಿಂಗು. ದಪ್ಪ ಹುಡುಗ, ಓಡಿದರೆ ಏದುಸಿರು. ನನ್ನ ಕಾಲದಲ್ಲಿ ಅವನನ್ನು ಒಂದು ಪಂದ್ಯಕ್ಕೂ ಇಳಿಸಿರಲಿಲ್ಲ. ಅವನಲ್ಲಿ ಒಂದೇ ಗುಣ. ಚೆಂಡು ಇದ್ದರೆ ಅವನಿಗೆ ಬೇರೆ ಏನೂ ಕಾಣಿಸುವುದಿಲ್ಲ, ಕೇಳಿಸುವುದೂ ಇಲ್ಲ. ಮೆಟ್ಟಿಲ ಮೇಲಿನವರು ಬಾಯಿ ಬಡಿದುಕೊಂಡರು. "ಅಯ್ಯೋ, ಮುಳುಗಿಸಿದಳಲ್ಲಪ್ಪೋ!" "ಅನೀಸನ್ನ ಇಳಿಸಮ್ಮೋ!" ಒಂದು ಚಪ್ಪಲಿಯೂ ಹಾರಿ ಬಂದು ಅವಳ ಭುಜಕ್ಕೆ ತಾಗಿತು. ಅವಳು ಅದನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿ ಆಟ ನೋಡುತ್ತಲೇ ಇದ್ದಳು. ಆ ಗಟ್ಟಿತನ ನೋಡಿ ನನಗೆ ಹೆಮ್ಮೆಯಾಯಿತು, ಅದರ ಜೊತೆಗೇ ಭಯವೂ ಆಯಿತು.

ಎಡಗಡೆ ನಾನು ನಿಲ್ಲಿಸಿದ್ದ ಇಬ್ಬರು ಸುಮ್ಮನೆ ನಿಂತೇ ಇದ್ದರು, ಅವಳು ಆ ಕಡೆ ಚೆಂಡನ್ನೇ ಕಳಿಸಲಿಲ್ಲ. ಎಲ್ಲ ನಡುವಿನಿಂದ, ಬಸವಲಿಂಗುವಿನ ಮೈಗೆ ತಾಗಿಸಿ ತಾಗಿಸಿ. ಅವನು ಗೋಡೆಯ ಹಾಗೆ ನಿಲ್ಲುತ್ತಿದ್ದ, ಚೆಂಡು ಬಂದು ಬಡಿದು ಪಕ್ಕದವನ ಕಾಲಿಗೆ ಹೋಗುತ್ತಿತ್ತು. ಹೀಗೆ ಒಂದು ಗೋಲು ಬಂದು ಸಮ ಆಯಿತು. ಕೊನೆಗಳಿಗೆಯಲ್ಲಿ ರೆಜಿನಾಳ ಹುಡುಗರು ಇನ್ನೊಂದು ಸಲ ನುಗ್ಗಿದರು, ನನ್ನ ಬ್ಯಾಕು ತಡೆದು ಚೆಂಡನ್ನು ದೂರ ಒದ್ದ. ನನ್ನವರು ಮುಂದಕ್ಕೆ ಸರಿದರು, ಅವಳ ಹುಡುಗರೆಲ್ಲ ಹಿಂದಕ್ಕೆ ಓಡಿದರು, ಬಸವಲಿಂಗು ಒಬ್ಬ ಓಡಲಾರದೆ ಸೊಂಟದ ಮೇಲೆ ಕೈಯಿಟ್ಟುಕೊಂಡು ನನ್ನವರ ಗೋಲಿನ ಹತ್ತಿರವೇ ಏದುಸಿರು ಬಿಡುತ್ತಾ ನಿಂತಿದ್ದ. ಅಷ್ಟರಲ್ಲಿ ರೆಜಿನಾಳ ಬ್ಯಾಕಿಗೆ ಚೆಂಡು ಸಿಕ್ಕಿ ಉದ್ದಕ್ಕೆ ಒದ್ದ. ಅದು ಬಂದು ಬಸವಲಿಂಗುವಿನ ಮುಂದೆ ಬಿತ್ತು. ಅವನು ನೋಡಿದ, ನೂಕಿದ. ಗೋಲು! ಎದುರಾಳಿ ಬ್ಯಾಕುಗಳನ್ನೆಲ್ಲ ದಾಟಿ ನಿಂತವನಿಗೆ ಚೆಂಡು ಒದ್ದರೆ ಅದು ಆಫ್‌ಸೈಡ್, ಗೋಲು ಲೆಕ್ಕಕ್ಕಿಲ್ಲ, ಆದರೆ ಲೈನ್ಸ್‌ಮನ್ ಬಾವುಟ ಎತ್ತಲೇ ಇಲ್ಲ. ಅವನೂ ನಮ್ಮೂರಿನವನೇ, ಅಭ್ಯಾಸಬಲ, ನನ್ನ ನೆರಳನ್ನೇ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದ.

ಸೀಟಿ ಕೂಗಿತು, ಪಂದ್ಯ ಮುಗಿಯಿತು. ರೆಜಿನಾ ಗೆದ್ದಳು. ಮಂಡಿಯೂರಿ ಕೂತು ಎರಡು ಕೈಯಲ್ಲಿ ಮುಖ ಮುಚ್ಚಿಕೊಂಡಳು. ಮೆಟ್ಟಿಲ ಮೇಲಿದ್ದ ಜನ ಹೊಳೆಯ ನೆರೆಯಂತೆ ಇಳಿದು ಬಂದರು. ಅವಳನ್ನು ಎತ್ತಿಕೊಳ್ಳುತ್ತಾರೆ ಅಂದುಕೊಂಡೆ. ಅವಳನ್ನು ದಾಟಿಕೊಂಡು, ಮೈದಾನ ದಾಟಿಕೊಂಡು, ನನ್ನ ಕಡೆಗೇ ಬಂದರು. ಮುಂದೆ ದೊರೆರಾಜು, ಕೈಯಲ್ಲಿ ಮಲ್ಲಿಗೆ ಹಾರ, ಕಣ್ಣಲ್ಲಿ ನೀರು.

"ಸಾರ್! ನಮ್ಮನ್ನ ಗೆಲ್ಲಿಸೋಕೆ ಅಂತ್ಲೇ ಅಲ್ಲಿಗೆ ಹೋಗಿ ಬೇಕಂತ ಸೋತ್ರಲ್ಲಾ ಸಾರ್! ನಮಗೆ ತಿಳೀಲಿಲ್ಲ, ನಾವು ಮುಠ್ಠಾಳರು!" ಎಂದವನೇ ಹಾರ ಹಾಕಿದ. "ಇಪ್ಪತ್ತೆಂಟನೇ ಕಪ್ಪು ಸಾರ್ ಇದು ನಿಮ್ಮದು!" ದ್ರೋಹಿ ಎಂಬ ರಟ್ಟು ಹಿಡಿದವನು ಅದನ್ನು ಮಡಚಿ ಕಾಲ ಕೆಳಗೆ ಹಾಕಿ ನನ್ನ ತೊಡೆ ಹಿಡಿದು ಎತ್ತಲು ನೋಡಿದ. ಕೆಂಚಪ್ಪ ಸಾರಿಗೆ ಜೈ ಎಂದು ಆಕಾಶ ಒಡೆಯುವಂತೆ ಕೂಗಿದರು.

ಜನರ ತಲೆಗಳ ನಡುವೆ ರೆಜಿನಾಳ ಮುಖ ಕಂಡಿತು. ನನ್ನನ್ನೇ ನೋಡುತ್ತಿದ್ದಳು. ಅವಳೂ ನಂಬಿಬಿಟ್ಟಳೇನೋ ಅನ್ನಿಸಿತು. ನಾನು ಬೇಕಂತ ಸೋತೆ ಅಂತ. ಒಂದು ಪಂದ್ಯ ತನ್ನ ಲೆಕ್ಕಕ್ಕೆ ಬರಲಿ ಎಂದಿದ್ದಳು, ಅದೂ ಈಗ ಮಲ್ಲಿಗೆ ಹಾರವಾಗಿ ನನ್ನ ಕೊರಳಲ್ಲಿತ್ತು.

ಹಾರ ಕಿತ್ತು ದೊರೆರಾಜುವಿನ ಮುಖಕ್ಕೆ ಎಸೆದೆ. "ಬೇಕಂತ ಸೋಲೋಕೆ ನಾನೇನು ನಿಮ್ಮಪ್ಪನ ಮನೆ ಆಳಾ? ರೆಫರಿ ಎಲ್ಲಿ? ಎಲ್ಲಿ ರೆಫರಿ?" ಎಂದು ಕೂಗಿಕೊಂಡು ನುಗ್ಗಿದೆ. ರೆಫರಿಯ ಅಂಗಿ ಹಿಡಿದೆ. "ಆ ಗೋಲು ನಡೆಯಲ್ಲ! ಆಫ್‌ಸೈಡ್! ಆ ದಪ್ಪಗಿನವನು ಅಲ್ಲೇ ಮನೆ ಕಟ್ಟಿಕೊಂಡು ನಿಂತಿದ್ದ!" ಲೈನ್ಸ್‌ಮನ್‌ಗೆ ಕಣ್ಣಿಲ್ಲ ಅಂದೆ, ಇವನಿಗೆ ಬಿರಿಯಾನಿ ಎಲ್ಲಿಂದ ಬಂತು ಕೇಳಿ ಅಂದೆ. ಪಂದ್ಯ ಮತ್ತೆ ಆಡಿಸಿ ಅಂದೆ. ನನ್ನ ಹುಡುಗರಿಗೆ ಕಾಲ್ಬೆರಳು ತುಳಿಯಲು ನಾನೇ ಹೇಳಿಕೊಟ್ಟಿದ್ದೆ, ಅನೀಸ್ ನಾಲಿಗೆ ಕಚ್ಚುವುದನ್ನು ನಾನೇ ತೋರಿಸಿಕೊಟ್ಟಿದ್ದೆ, ಇಷ್ಟೆಲ್ಲ ಮಾಡಿದವನು ಸೋಲಲು ಬರುತ್ತಾನೇನ್ರೋ ಎಂದು ಗಂಟಲು ಹರಿಯುವಂತೆ ಅರಚಿದೆ. ಯಾರೂ ಅಲ್ಲಾಡದೆ ನಿಂತದ್ದನ್ನು ನೋಡಿ ಮೈದಾನದ ಮಧ್ಯೆ ಕಾಲು ಚಾಚಿ ಕೂತೆ. ಗೋಲು ವಾಪಸ್ ತೆಗೆಯುವವರೆಗೆ ಏಳುವುದಿಲ್ಲ ಅಂದೆ.

ಮೊದಲು ಯಾರೋ ಒಬ್ಬ ನಕ್ಕ. ನನ್ನ ಹಳೆಯ ಶಿಷ್ಯ ರಟ್ಟನ್ನು ಮತ್ತೆ ಬಿಡಿಸಿದ. "ಥೂ, ಇಷ್ಟು ವಯಸ್ಸಾದ ಮೇಲೆ ಇದೇನ್ರೀ ಇದು?" ಎಂದಿತು ಒಂದು ಧ್ವನಿ. "ಮುದುಕನಿಗೆ ಸೋಲು ತಡ್ಕೊಳ್ಳೋಕೆ ಬರಲ್ಲ ಕಣ್ರೋ." ದೊರೆರಾಜು ಬಾಯಿ ತೆರೆದುಕೊಂಡು ನನ್ನನ್ನೇ ನೋಡುತ್ತಾ ಮುಖದ ಮೇಲಿದ್ದ ಮಲ್ಲಿಗೆಯನ್ನು ಒರೆಸಿಕೊಂಡ. "ಹಾಗಾದ್ರೆ... ನಿಜವಾಗ್ಲೂ ಸೋತ್ರಾ ಸಾರ್?" ಎಂದ, ಅವನ ಧ್ವನಿ ಕೇಳಿ ನನಗೇ ಅಯ್ಯೋ ಅನ್ನಿಸಿತು. "ಮನೆಗೆ ಹೋಗೋ ಕೆಂಚಾ!" ಎಂದು ಹಿಂದಿನಿಂದ ಕೂಗು ಎದ್ದಿತು, ಅದು ಬೆಳೆಯಿತು. ಇಷ್ಟು ವರ್ಷದಲ್ಲಿ ಸೋತವನು ಅಂತ ಊರು ನನ್ನನ್ನು ಬೈದದ್ದು ಇದೇ ಮೊದಲು. ಬಿಸಿಲಲ್ಲಿ ಬಂದವನಿಗೆ ತಣ್ಣೀರು ಸುರಿದಷ್ಟು ಹಿತವಾಗಿತ್ತು.

ಗುಂಪು ಸರಿಸಿಕೊಂಡು ರೆಜಿನಾ ಬಂದಳು. ನನ್ನ ಮುಂದೆ ನಿಂತು ಊರಿಗೆಲ್ಲ ಕೇಳುವಂತೆ ಹೇಳಿದಳು, "ಏಳಿ ಸಾರ್. ನನ್ನ ಹುಡುಗರು ನಿಮ್ಮನ್ನ ಸೋಲಿಸಿದ್ದಾರೆ. ಒಪ್ಕೊಳ್ಳಿ."

"ಒಪ್ಪಲ್ಲ!"

"ರೆಜಿನಾ ಮೇಡಂಗೆ..." ಎಂದು ಅನೀಸ್ ಗಂಟಲು ಕಿತ್ತುಕೊಂಡು ಕೂಗಿದ. "ಜೈ!" ಎಂದಿತು ಊರು. ಮತ್ತೊಂದು ಸಲ, ಇನ್ನೊಂದು ಸಲ. ಯಾರೋ ಅವಳನ್ನೂ ಬಸವಲಿಂಗುವನ್ನೂ ಹೆಗಲ ಮೇಲೆ ಎತ್ತಿದರು. ಬಸವಲಿಂಗುವನ್ನು ಎತ್ತಿದವರು ಕೂಡಲೇ ಇಳಿಸಿದರು. ಕುಣಿದರು, ಪಟಾಕಿ ಹೊಡೆದರು, ಮೈದಾನ ಸುತ್ತಿದರು. ನನ್ನ ಕಡೆ ಯಾರೂ ನೋಡಲಿಲ್ಲ, ನನ್ನ ನೆರಳಿನ ಕಡೆಯೂ.

ಗಲಾಟೆ ಬೀದಿಗೆ ಇಳಿದ ಮೇಲೆ ಅವಳು ಒಬ್ಬಳೇ ವಾಪಸು ಬಂದಳು. ನಾನು ಇನ್ನೂ ಕೂತೇ ಇದ್ದೆ. ಕುಂಕುಮ ಮೆತ್ತಿದ ಮುಖದಲ್ಲಿ ನಗುತ್ತಾ ಕೈ ಚಾಚಿ ಮೆಲ್ಲಗೆ ಹೇಳಿದಳು, "ಸಾಕು ಏಳಿ ಸಾರ್, ಎಲ್ಲರೂ ಹೋದರು. ನಾಟಕ ಚೆನ್ನಾಗಿ ಮಾಡಿದ್ರಿ. ಥ್ಯಾಂಕ್ಸ್."

"ಯಾವ ನಾಟಕ?" ಎಂದೆ. "ಅವನು ಎರಡು ಗಜ ಆಫ್‌ಸೈಡ್ ಇದ್ದ."

ಅವಳ ನಗು ನಿಂತಿತು. ಚಾಚಿದ್ದ ಕೈ ಸೊಂಟಕ್ಕೆ ಹೋಯಿತು. ಮೂಗಿನ ತುದಿ 'ಭಗ್' ಎಂದು ಕೆಂಪೇರಿತು. "ರೀ ಕೆಂಚಪ್ಪನವರೇ, ಕಣ್ಣು ಕಾಣಲ್ವೇನ್ರೀ ನಿಮಗೆ? ನಿಮ್ಮ ಎಡಗಡೆ ಬ್ಯಾಕು ಅವನಿಗಿಂತ ಹಿಂದೆ ಮೂಲೆಯಲ್ಲಿ ಲೇಸು ಕಟ್ಕೊಂಡು ಕೂತಿರಲಿಲ್ವಾ? ನಿಯಮ ಗೊತ್ತೇನ್ರೀ ನಿಮಗೆ, ನಿಯಮ?"

ನಾನು ಎದ್ದು ನಿಂತೆ. ಹತ್ತು ವರ್ಷದಲ್ಲಿ ಅವಳು ಒಂದು ಸಲವೂ ನನಗೆ ಎದುರು ಮಾತಾಡಿದವಳಲ್ಲ. ಮೈದಾನದ ಮಧ್ಯೆ ನಿಂತು ಒಬ್ಬರಿಗಿಂತ ಒಬ್ಬರು ಜೋರಾಗಿ ಕೂಗಿದೆವು, ಕಡ್ಡಿ ತಂದು ನೆಲದಲ್ಲಿ ಗೆರೆ ಎಳೆದು ತೋರಿಸಿದೆವು, ಒಬ್ಬರು ಎಳೆದದ್ದನ್ನು ಇನ್ನೊಬ್ಬರು ಕಾಲಿನಿಂದ ಅಳಿಸಿದೆವು. ಒಬ್ಬ ಕೋಚ್ ಇನ್ನೊಬ್ಬ ಕೋಚ್‌ಗೆ ಹೇಗೆ ಬೈಯಬೇಕೋ ಹಾಗೆಯೇ ಬೈದಳು ನನಗೆ. ಅಂಥ ಸಂತೋಷ ನನಗೆ ಯಾವ ಕಪ್ಪಿನಲ್ಲೂ ಸಿಕ್ಕಿರಲಿಲ್ಲ.

ಆದರೂ ಹೇಳುತ್ತೇನೆ, ಅದು ಆಫ್‌ಸೈಡೇ.